ಒಕ್ಕಲುತನದಿಂದ ವಿಧಾನಸಭೆಗೆ: ಹುಲಕೋಟಿಯ ಶ್ರೀ ಕೆ. ಎಚ್. ಪಾಟೀಲರ ಜೀವನಕಾರ್ಯ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ಸುತ್ತಣ ಸೀಮೆಯು ಬಹುತರವಾಗಿ ಮಳೆಯನ್ನೇ ನಂಬಿದ ಒಕ್ಕಲುತನದ ಸೀಮೆಯಾಗಿರುವದು. ಎರೆಹೊಲಗಳಲ್ಲಿ ಹತ್ತಿ, ಬಿಳಿಜೋಳ, ಗೋದಿ, ಕಡಲೆ, ಕುಸುಬಿಗಳೂ ಮಸಾರಿ ಹೊಲಗಳಲ್ಲಿ ಶೇಂಗಾ, ಸಜ್ಜೆಗಳೂ ಬೆಳೆಯುವವು. ತುಂಗಭದ್ರೆಯು ಸೀಮೆಯ ತೆಂಕಣ ಅಂಚನ್ನು ಮುಟ್ಟಿ ಹರಿಯುವಳಾದರೂ ಅವಳ ನೀರು ಅನೇಕ ತಲೆಮಾರುಗಳ ವರೆಗೆ ಎತ್ತರದ ಹೊಲಗಳಿಗೆ ಏರಿ ಬರಲಿಲ್ಲ. ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿಯ ಸಿಂಗಟಾಲೂರ ಏತ ನೀರಾವರಿಯು ಈಚಿನ ಮಾತು. ಮುಂಗಾರಿ ತಪ್ಪಿದರೆ ಹಿಂಗಾರಿಯ ದಾರಿ ನೋಡುವದು, ಹಿಂಗಾರಿಯೂ ತಪ್ಪಿದರೆ ಸಾವಕಾರನ ಬಾಗಿಲು ನೋಡುವದು, ಇದೇ ಇಲ್ಲಿಯ ರೈತನ ಹಳೆಯ ಅನುಭವವು.

ಇಂಥ ಸೀಮೆಯ ಒಂದು ಹಳ್ಳಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಸಹಕಾರಿ ಸಂಘಗಳ ಕೆಲಸದಲ್ಲಿ ಪಳಗಿ, ನಾಲ್ಕು ಸಲ ಗದಗ ಮತಕ್ಷೇತ್ರದಿಂದ ರಾಜ್ಯದ ವಿಧಾನಸಭೆಗೆ ಆರಿಸಿ ಹೋದವರು ಹುಲಕೋಟಿಯ ಕೃಷ್ಣಗೌಡ ಹನುಮಂತಗೌಡ ಪಾಟೀಲರು. ಜನರು ಅವರನ್ನು ಕೆ. ಎಚ್. ಪಾಟೀಲರೆಂದೂ 'ಹುಲಕೋಟಿಯ ಹುಲಿ'ಯೆಂದೂ ಕರೆದರು. ಅವರ ಚರಿತ್ರೆಯನ್ನು ಇಲ್ಲಿ ವಿವರಿಸುವದು ಕೇವಲ ವ್ಯಕ್ತಿಸ್ತುತಿಗಾಗಿ ಅಲ್ಲ. ಊರಿನ ಮುಖಂಡತನವು ವತನದಿಂದಲೂ ಭೂಮಿಯ ವಿಸ್ತಾರದಿಂದಲೂ ಬರುತ್ತಿದ್ದ ಕಾಲವು ತೀರಿಹೋಯಿತು. ಆ ಬಳಿಕ ಮುಖಂಡತನವು ಯಾವದರಿಂದ ಬರತಕ್ಕದ್ದು? ಈ ಪ್ರಶ್ನೆಗೆ ಅವರ ಜೀವನದಲ್ಲಿ ಒಂದು ಉತ್ತರವಿರುವದು. ಅದನ್ನು ಗ್ರಾಮಮುಖಂಡರೂ ಭೂಮಾಲಿಕರೂ ಶಾಂತಚಿತ್ತದಿಂದ ವಿಚಾರಿಸುವದು ಲಾಭದಾಯಕವು.

ಮೂರು ಸರಕಾರಗಳ ಸೀಮೆ

ಪಾಟೀಲರು 1925ನೇ ಇಸವಿಯಲ್ಲಿ ಜನಿಸಿದರು. ಆಗ ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಒಂದೇ ಭಾಷೆ, ಒಂದೇ ಬೆಳೆ, ಒಂದೇ ಸಂತೆ ಇದ್ದಾಗ್ಯೂ ಗದಗಿನ ಪೇಟೆಗೆ ಅರಳೆ ತರುವ ರೈತರು ಮೂರು ಸರಕಾರಗಳ ಪ್ರಜೆಗಳಾಗಿದ್ದರು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ನೇ ನವಂಬರ 1ರಂದು ಈ ಸೀಮೆಯೆಲ್ಲ ವಿಶಾಲ ಮೈಸೂರು ರಾಜ್ಯದಲ್ಲಿ ಕೂಡಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. 1997ರಲ್ಲಿ ಗದಗವು ಪ್ರತ್ಯೇಕ ಜಿಲ್ಲೆಯಾಯಿತು.

ಸರಕಾರಗಳು ಬದಲಾದರೂ ಹಳ್ಳಿಯಲ್ಲಿ ಸರಕಾರವೆಂದರೆ ಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಇವರೇ ಆಗಿದ್ದರು. ಮುಂಬಯಿ ಇಲಾಖೆಯಲ್ಲಿ 1874ರ ವತನ ಕಾಯದೆಯ ಮೇರೆಗೆ ಇವರ ಅಧಿಕಾರವು ಮನೆತನದಿಂದ ಮನೆತನಕ್ಕೆ ಇಳಿದು ಬರುತ್ತಿತ್ತು. ಗೌಡನು ಪಟ್ಟಿ ವಸೂಲು ಮಾಡುವನು. ಊರಿನ ಶಾಂತತೆಗೆ ಹೊಣೆಯಾಗುವನು. ಮೇಲಧಿಕಾರಿಗಳು ಬಂದರೆ ಊರಿನ ಪರವಾಗಿ ಮಾತಾಡುವನು. ಆದರೆ ಬಿತ್ತುವ ಕಾಲಕ್ಕೆ ಬೀಜವಿಲ್ಲದ ರೈತನಿಗೆ ಈ ವ್ಯವಸ್ಥೆಯಲ್ಲಿ ಪತ್ತಿನ ಏರ್ಪಾಡು ಇರಲಿಲ್ಲ. ಆ ಕೊರತೆಯನ್ನು ಮೊದಲು ಕಂಡು ಅದಕ್ಕೆ ಉಪಾಯ ಮಾಡಿದವನೂ ಒಬ್ಬ ಗೌಡನೇ ಎಂಬುದು ಈ ಸೀಮೆಗೆ ಭೂಷಣವಾಗಿದೆ.

ಕಣಗಿನಹಾಳದ ಮೇಲ್ಪಂಕ್ತಿ

ಕೆ. ಎಚ್. ಪಾಟೀಲರ ಕಾರ್ಯವನ್ನು ತಿಳಿಯಬೇಕಾದರೆ ಅವರು ಹುಟ್ಟುವದಕ್ಕೆ 20 ವರ್ಷ ಮುಂಚೆ ಅದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ನಡೆದ ಸಂಗತಿಯನ್ನು ತಿಳಿಯಬೇಕು. 1905ರಲ್ಲಿ ಆ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಒಕ್ಕಲುತನದ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಹಿಂದುಸ್ತಾನದ ಸಹಕಾರಿ ಇತಿಹಾಸದಲ್ಲಿ ಅದು ಈ ಬಗೆಯ ಮೊದಲನೆಯ ಸಂಘವೆಂದು ಪ್ರಸಿದ್ಧವಾಗಿದೆ.

ಇದರ ಹಿನ್ನೆಲೆಯು ದೊಡ್ಡದು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮೇಲೆ ತಿರುಗಿಬಿದ್ದು ಸಾಲದ ಕಾಗದಗಳನ್ನು ಸುಟ್ಟರು. ಸರಕಾರವು 1879ರಲ್ಲಿ ದಖ್ಖನ ರೈತರ ಪರಿಹಾರ ಕಾಯದೆಯನ್ನು ಮಾಡಿತು. ಆದರೆ ಸಾವಕಾರನ ಕೈ ಕಟ್ಟಿದ ಮಾತ್ರಕ್ಕೆ ರೈತನ ಕೈಗೆ ಹಣ ಬರಲಿಲ್ಲ. ಅತ್ತ ಜರ್ಮನಿಯಲ್ಲಿ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸೆನ್ ಎಂಬವನು 1846-47ರ ಬರಗಾಲದಲ್ಲಿ ಬಡವರಿಗೆ ರೊಟ್ಟಿ ಒದಗಿಸುವ ಸಂಘವನ್ನು ಕಟ್ಟಿದನು. ಮುಂದೆ 1864ರಲ್ಲಿ ರೈತರು ತಮ್ಮತಮ್ಮಲ್ಲಿಯೇ ಹೊಣೆಯಾಗಿ ಸಾಲ ಪಡೆಯುವ ಸಂಘವನ್ನು ಸ್ಥಾಪಿಸಿದನು. ಅವನೂ ಒಬ್ಬ ಗ್ರಾಮಾಧಿಕಾರಿಯೇ ಆಗಿದ್ದನೆಂಬುದು ಲಕ್ಷ್ಯದಲ್ಲಿಡತಕ್ಕ ಸಂಗತಿ. ಮದ್ರಾಸಿನ ಫ್ರೆಡರಿಕ್ ನಿಕಲ್ಸನ್ನರು ಯುರೋಪದ ಈ ಪದ್ಧತಿಗಳನ್ನು ಅಭ್ಯಾಸ ಮಾಡಿ ವರದಿ ಬರೆದರು. ಅದರ ಬಳಿಕ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯು ಜಾರಿಗೆ ಬಂದಿತು.

ಆ ಕಾಯದೆಯ ತಿರುಳು ಸರಳವಾಗಿತ್ತು. ಒಂದೇ ಊರಿನ ಅಥವಾ ನೆರೆಹೊರೆಯ 10 ಜನರು ಕೂಡಿದರೆ ಸಂಘವಾಗಬಹುದು. ಗ್ರಾಮಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನರು ಒಕ್ಕಲುತನದವರಿರಬೇಕು. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಯಾವತ್ತೂ ಆಸ್ತಿಯಿಂದ ಹೊಣೆ. ಲಾಭವನ್ನು ಹಂಚಿಕೊಳ್ಳದೆ ಕಾಯ್ದಿಟ್ಟ ನಿಧಿಗೆ ಸೇರಿಸಬೇಕು.

ಈ 'ಅಪರಿಮಿತ ಹೊಣೆ'ಯೇ ಹಳ್ಳಿಯ ಜನರಿಗೆ ಅಂಜಿಕೆಯನ್ನು ಹುಟ್ಟಿಸುವ ಮಾತಾಗಿತ್ತು. ಹತ್ತು ಎಕರೆಯವನು ಮುಳುಗಿದರೆ ನೂರು ಎಕರೆಯವನ ಹೊಲಕ್ಕೂ ಕುತ್ತು ಬರುವದು. ಆದ್ದರಿಂದ ಇಂಥ ಸಂಘಕ್ಕೆ ಮೊದಲು ಸಹಿ ಹಾಕುವ ಭೂಮಾಲಿಕನು ತನ್ನ ಹೊಲವನ್ನೇ ಊರಿನ ಪತ್ತಿಗೆ ಒತ್ತೆ ಇಟ್ಟಂತೆ. ಹಾಗೆ ಇಟ್ಟಾಗಲೇ ಸಣ್ಣ ರೈತನಿಗೆ ಕಡಿಮೆ ಬಡ್ಡಿಯ ಹಣವು ದೊರೆಯುತ್ತಿತ್ತು. ಉದಾಹರಣೆಗೆ, ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ ಸಾವಕಾರನಿಂದ 100 ರೂಪಾಯಿ ಪಡೆದವನು ವರ್ಷಕ್ಕೆ 24 ರೂಪಾಯಿ ಬಡ್ಡಿ ತೆರುವನು. ಸಂಘದಿಂದ ವರ್ಷಕ್ಕೆ ನೂರಕ್ಕೆ 9ರಂತೆ ಪಡೆದವನಿಗೆ 15 ರೂಪಾಯಿ ಉಳಿಯುವದು. ಆ ಉಳಿತಾಯವೇ ಮುಂದಿನ ವರ್ಷದ ಬೀಜ.

ಮೇಲಾಗಿ ಸಂಘದಲ್ಲಿ ಒಬ್ಬನಿಗೆ ಒಂದೇ ಮತ. ಎರಡು ಎಕರೆಯವನ ಕೈಯೂ ಇನ್ನೂರು ಎಕರೆಯವನ ಕೈಯೂ ಸಭೆಯಲ್ಲಿ ಸಮವಾಗಿ ಏಳುವವು. ಎಲ್ಲ ವಯಸ್ಕರಿಗೂ ಮತಾಧಿಕಾರ ಬರುವದಕ್ಕಿಂತ ಬಹು ಮುಂಚೆ ಹಳ್ಳಿಯ ರೈತರು ಮತ ಹಾಕುವದನ್ನೂ ಲೆಕ್ಕ ಕೇಳುವದನ್ನೂ ಕಲಿತದ್ದು ಈ ಸಂಘಗಳ ಚಾವಡಿಯಲ್ಲಿ.

ಪತ್ತಿನಿಂದ ಪೇಟೆಗೆ

ಸಾಲವೊಂದೇ ರೈತನ ಕಷ್ಟಕ್ಕೆ ಔಷಧವಲ್ಲವೆಂಬುದು ಬೇಗನೆ ತಿಳಿದುಬಂದಿತು. ಗದಗ ಸೀಮೆಯಲ್ಲಿ ಎರಡು ಬಗೆಯ ಹತ್ತಿಯು ಬೆಳೆಯುತ್ತಿತ್ತು. ಒಂದು ನಾಟಿಯದು, ಕುಮಟಾ ಬಂದರದಿಂದ ಹಡಗು ಹತ್ತುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಇನ್ನೊಂದು 1840ರ ದಶಕದಲ್ಲಿ ಸರಕಾರವು ತರಿಸಿದ ಅಮೇರಿಕದ ಬೀಜದಿಂದ ಇಲ್ಲಿಗೆ ಒಗ್ಗಿದ ಧಾರವಾಡ-ಅಮೇರಿಕನ್ ಹತ್ತಿ. ಇವೆರಡನ್ನೂ ಬೆರಸಿ ಮಾರುವ ದುರಭ್ಯಾಸವು ಪೇಟೆಯಲ್ಲಿ ಬೆಳೆಯಿತು. ಹತ್ತಿಯ ಮೋಸವನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರವು ಕಾಯದೆಯನ್ನೇ ಮಾಡಬೇಕಾಯಿತು. ಬೆರಕೆಯಿಂದ ಗಿರಣಿಯವನಿಗೆ ನಂಬುಗೆ ತಪ್ಪಿತು. ಶುದ್ಧ ಹತ್ತಿ ಬೆಳೆದವನಿಗೂ ಬೆರಕೆಯ ದರವೇ ದೊರೆಯಿತು. ಒಬ್ಬನ ಲಟಪಟಿಗೆ ಊರೆಲ್ಲ ದಂಡ ತೆರುವದೆಂದರೆ ಇದೇ.

ವ್ಯವಸಾಯ ಖಾತೆಯು ಗದಗ ನಂಬರ 1, ಜಯವಂತ, ಜಯಧರ ಮೊದಲಾದ ಶೋಧಿಸಿದ ತಳಿಗಳನ್ನು ಕೊಟ್ಟಿತು. ಆದರೆ ಒಳ್ಳೆಯ ಬೀಜದ ಲಾಭವು ಹೊಲದಲ್ಲಿಯೇ ಮುಗಿಯುವದಿಲ್ಲ. ಬಿಡಿಸುವಾಗ ಕಸ ಕಡ್ಡಿ ಸೇರದಂತೆ ನೋಡಬೇಕು. ತಳಿಗಳನ್ನು ಬೇರೆಬೇರೆ ಇಡಬೇಕು. ತೂಕಕ್ಕಾಗಿ ನೀರು ಚಿಮುಕಿಸಬಾರದು. ದರ್ಜೆ ಮಾಡಿ ಮಾರಬೇಕು. ಇದನ್ನು ಒಂಟಿ ರೈತನು ಮಾಡಿದರೂ ದಲಾಲನ ಅಂಗಡಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಸಾಲವನ್ನು ಕೊಟ್ಟ ಅಂಗಡಿಕಾರನೇ ಮಾಲಿನ ದರವನ್ನೂ ಹೇಳುವವನಾದರೆ ರೈತನು ವಾದಿಸುವದೆಂತು? ಆದಕಾರಣ 1912ರ ಕಾಯದೆಯು ಪತ್ತಿನ ಹೊರತಾದ ಸಂಘಗಳಿಗೂ ಅವಕಾಶ ಕೊಟ್ಟ ಮೇಲೆ 1915ರಲ್ಲಿ ಹುಬ್ಬಳ್ಳಿಯಲ್ಲಿ ಸಹಕಾರಿ ಅರಳೆ ಮಾರಾಟದ ಸಂಘವು ಹುಟ್ಟಿತು. ಮುಂದೆ ಗದಗಿನಲ್ಲಿಯೂ ಅಂಥದೇ ಸಂಘವಾಯಿತು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕು ಸ್ಥಾಪಿತವಾಗಿ ಹಳ್ಳಿಯ ಸಂಘಗಳಿಗೆ ಹಣ ಒದಗಿಸುವ ಮಾರ್ಗವಾಯಿತು. ಹೀಗೆ ಹಳ್ಳಿಯ ಸಂಘ, ಪೇಟೆಯ ಮಾರಾಟ ಸಂಘ, ಜಿಲ್ಲೆಯ ಬ್ಯಾಂಕು ಈ ಮೂರು ಕೊಂಡಿಗಳ ಸರಪಳಿಯು ಸಿದ್ಧವಾಯಿತು.

ಹುಲಕೋಟಿಯ ಕೆಲಸ

ಹುಲಕೋಟಿಯು ಗದಗಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿಯ ಮೇಲಿನ ಊರು. ಸುತ್ತಲೂ ಹತ್ತಿಯ ಎರೆ. ಮೇಲೆ ಹೇಳಿದ ಸಹಕಾರಿ ಏರ್ಪಾಡಿನ ಗಾಳಿಯಲ್ಲಿಯೇ ಕೆ. ಎಚ್. ಪಾಟೀಲರು ಬೆಳೆದರು. ಅವರು ಸಾರ್ವಜನಿಕ ಜೀವನಕ್ಕೆ ಬಂದದ್ದು ಸಹಕಾರಿ ಚಳವಳಿಯ ದಾರಿಯಿಂದ; ಮುಂದೆ ಜನರು ಅವರನ್ನು 'ಸಹಕಾರಿ ರಂಗದ ಭೀಷ್ಮ'ನೆಂದು ಕರೆದದ್ದು ಈ ಕಾರಣದಿಂದಲೇ. ಅವರ ಮುಂದಾಳುತನದಲ್ಲಿ ಹುಲಕೋಟಿಯು ನಾನಾ ಬಗೆಯ ಸಹಕಾರಿ ಸಂಸ್ಥೆಗಳ ಊರೆಂದು ಹೆಸರಾಯಿತು.

ಅವುಗಳಲ್ಲಿ ಮುಖ್ಯವಾದದ್ದು ಸಹಕಾರಿ ನೂಲಿನ ಗಿರಣಿ. ಇದರ ಹಿಂದಿನ ವಿಚಾರವು ತಿಳಿಯತಕ್ಕದ್ದು. ರೈತನು ಹತ್ತಿಯನ್ನು ಮಾರುವಾಗ ಕಚ್ಚಾ ಮಾಲಿನ ದರ ಪಡೆಯುವನು. ಅದೇ ಹತ್ತಿಯು ಬೀಜ ಬಿಡಿಸಿ ಅರಳೆಯಾಗಿ, ಅಂಡಿಗೆಯಾಗಿ, ನೂಲಾಗಿ ಬೆಟಗೇರಿಯ ನೇಕಾರನ ಮಗ್ಗಕ್ಕೆ ಬರುವಷ್ಟರಲ್ಲಿ ನಡುವಿನ ಒಂದೊಂದು ಕೈಯೂ ಒಂದೊಂದು ಪಾಲು ತೆಗೆದುಕೊಳ್ಳುವದು. ಹತ್ತಿ ಬೆಳೆಯುವವನೂ ಸೀರೆ ನೇಯುವವನೂ ಒಂದು ಹರದಾರಿಯ ಅಂತರದಲ್ಲಿದ್ದರೂ ಅವರ ನಡುವಿನ ಲಾಭವು ದೂರದ ಪಟ್ಟಣಗಳಿಗೆ ಹೋಗುತ್ತಿತ್ತು. ಗಿರಣಿಯು ಬೆಳೆಗಾರರ ಪಾಲುಬಂಡವಾಳದಿಂದ ನಡೆದರೆ ಆ ಲಾಭವು ಸೀಮೆಯಲ್ಲಿಯೇ ಉಳಿಯುವದೆಂಬುದು ಈ ಯೋಜನೆಯ ತತ್ವ.

ಇದೇ ಕಾಲಕ್ಕೆ ಒಕ್ಕಲುತನದ ಸ್ವರೂಪವೂ ಬದಲಾಯಿತು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಸಂಕರಣ ಹತ್ತಿಯು ಹೊರಬಂದಿತು. ಎಳೆ ಉದ್ದ, ಇಳುವರಿ ಹೆಚ್ಚು. ಅದರೊಡನೆ ಬೀಜದ ಬೆಲೆ, ಗೊಬ್ಬರ, ಔಷಧ ಸಿಂಪರಣೆಗಳ ವೆಚ್ಚವೂ ಹೆಚ್ಚು. ಮನೆಯ ಬೀಜವನ್ನು ಬಿತ್ತುತ್ತಿದ್ದ ರೈತನು ಪ್ರತಿವರ್ಷ ರೊಕ್ಕ ಕೊಟ್ಟು ಬೀಜ ಕೊಳ್ಳುವವನಾದನು. ಅಂದ ಮೇಲೆ ಪತ್ತಿನ ಸಂಘದ ಅಗತ್ಯವು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಹೊಸ ತಳಿಯ ಸುದ್ದಿಯನ್ನೂ ಅದರ ಅಪಾಯವನ್ನೂ ರೈತನಿಗೆ ಹೊಲದಲ್ಲಿಯೇ ತೋರಿಸಿಕೊಡುವ ಸಂಸ್ಥೆಯೂ ಬೇಕಾಯಿತು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವು ಅಂಥ ಕೆಲಸಕ್ಕಾಗಿಯೇ ಇರುವದು. ಅದು ಇಂದು ಕೆ. ಎಚ್. ಪಾಟೀಲರ ಹೆಸರನ್ನು ಹೊತ್ತಿದೆ.

ವತನ ಹೋದ ಬಳಿಕ

ಈ ನಡುವೆ ಹಳ್ಳಿಯ ಅಧಿಕಾರದ ಬುಡವೇ ಅಲುಗಿತು. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯದೆಯು 1961ರಲ್ಲಿ ಆಗಿ 1963ನೇ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ವಂಶಪಾರಂಪರ್ಯದ ಗೌಡಿಕೆ, ಕುಲಕರ್ಣಿಕೆಗಳು ತೀರಿದವು. ಮನೆತನದ ಹೆಸರಿನಲ್ಲಿ 'ಪಾಟೀಲ' ಎಂಬುದು ಉಳಿಯಿತು, ಅಧಿಕಾರವು ಉಳಿಯಲಿಲ್ಲ. ಕೆಲವು ಮನೆತನಗಳು ಇದನ್ನು ಅಪಮಾನವೆಂದು ಬಗೆದು ಮನೆ ಹಿಡಿದು ಕುಳಿತವು. ಊರಿನ ಕೆಲಸದಲ್ಲಿ ಮೊದಲೇ ಕೈ ಹಾಕಿದವರಿಗೆ ಮಾತ್ರ ಅದು ದೊಡ್ಡ ಪೆಟ್ಟಾಗಲಿಲ್ಲ. ಅವರ ಮಾತಿಗೆ ಬೆಲೆಯು ಸನದಿನಿಂದ ಬಂದದ್ದಾಗಿರಲಿಲ್ಲ.

1967ರ ಚುನಾವಣೆಯು ಇದಕ್ಕೆ ಸಾಕ್ಷಿಯಾಯಿತು. ಆ ವರ್ಷ ಕೆ. ಎಚ್. ಪಾಟೀಲರು ಯಾವ ಪಕ್ಷದ ಚೀಟಿಯೂ ಇಲ್ಲದೆ ಸ್ವತಂತ್ರ ಉಮೇದುವಾರರಾಗಿ ನಿಂತು ಗದಗಿನಿಂದ ವಿಧಾನಸಭೆಗೆ ಆರಿಸಿಬಂದರು. ಸ್ವತಂತ್ರನಾಗಿ ಗೆಲ್ಲುವದೆಂದರೇನು? ಪಕ್ಷದ ಹಣವಿಲ್ಲ, ಪಕ್ಷದ ಹೆಸರಿಲ್ಲ; ಹಳ್ಳಿಹಳ್ಳಿಯಲ್ಲಿ ತನ್ನ ಕೆಲಸವನ್ನು ಕಂಡವರ ನಂಬುಗೆಯೊಂದೇ ಬಂಡವಾಳ. ಅಂಥ ಬಂಡವಾಳವು ಚುನಾವಣೆಯ ಹದಿನೈದು ದಿನಗಳಲ್ಲಿ ಕೂಡುವದಲ್ಲ. ಪೈರು ಬರುವದಕ್ಕೆ ಮುಂಚೆ ಹೊಲ ಹದ ಮಾಡುವಂತೆ ಅನೇಕ ವರ್ಷಗಳ ದುಡಿತದಿಂದ ಕೂಡುವದು.

ವಿಧಾನಸಭೆಯಲ್ಲಿ

1972ರಲ್ಲಿ ಪಾಟೀಲರು ಕಾಂಗ್ರೆಸ್ ಪಕ್ಷದಿಂದ ಮತ್ತೆ ಆರಿಸಿಬಂದರು. ಆ ದಶಕದಲ್ಲಿ ಅವರು ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದರು. ರಾಜ್ಯದ ಮಂತ್ರಿಪದವನ್ನೂ ನಿರ್ವಹಿಸಿದರು.

ಅವರು ಶಾಸಕರಾಗಿದ್ದಾಗಲೇ ಭೂಮಾಲಿಕರಿಗೆ ಅತ್ಯಂತ ಮಹತ್ವದ ಕಾಯದೆಯು ಬಂದಿತು. 1961ರ ಭೂಸುಧಾರಣೆಯ ಕಾಯದೆಗೆ ಮಾಡಿದ ದೊಡ್ಡ ತಿದ್ದುಪಡಿಯು 1974ನೇ ಮಾರ್ಚ 1ರಿಂದ ಜಾರಿಗೆ ಬಂದಿತು. ಲಾವಣಿಗೆ ಕೊಟ್ಟ ಭೂಮಿಯು ಸರಕಾರದಲ್ಲಿ ಸೇರಿ, ಉಳುವವನು ಭೂನ್ಯಾಯಮಂಡಲಿಗೆ ಅರ್ಜಿ ಕೊಟ್ಟು ಹಕ್ಕನ್ನು ಪಡೆಯುವಂತಾಯಿತು. ಒಂದು ಕುಟುಂಬದ ಹಿಡುವಳಿಗೆ ಮಿತಿ ಬಿದ್ದಿತು. ಆ ಮಿತಿಯು ಮಳೆಯನ್ನು ನಂಬಿದ ಒಣಭೂಮಿಗೆ 54 ಎಕರೆಯಾಗಿತ್ತು. ಗದಗ ಸೀಮೆಯ ಅನೇಕ ದೊಡ್ಡ ಮನೆತನಗಳ ಹೊಲಗಳು ಆಗ ಉಳುವವರ ಹೆಸರಿಗೆ ಹೋದವು. ವತನವು ಹೋಗಿ ಹನ್ನೊಂದು ವರ್ಷಗಳಲ್ಲಿ ಲಾವಣಿಯ ಭೂಮಿಯೂ ಹೋಯಿತು.

ಇದರ ಪರಿಣಾಮವನ್ನು ಸಂಘದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಮುಖವು ಕಾಣುವದು. ನಿನ್ನೆಯ ಲಾವಣಿದಾರನು ಇಂದು ಖಾತೆದಾರನಾದನು. ಅವನಿಗೆ ಬೀಜ, ಎತ್ತು, ಗೊಬ್ಬರಗಳಿಗೆ ಹಣವನ್ನು ಮೊದಲಿನ ಭೂಮಾಲಿಕನು ಕೊಡಲಾರನು, ಸಂಘವೇ ಕೊಡಬೇಕು. ಸಂಘವು ಗಟ್ಟಿಯಾಗಿದ್ದ ಊರಲ್ಲಿ ಹೊಸ ಒಡೆಯನು ತಳವೂರಿ ನಿಂತನು. ಸಂಘವು ಹೆಸರಿಗೆ ಮಾತ್ರವಿದ್ದ ಊರಲ್ಲಿ ಅವನು ಭೂಮಿ ಪಡೆದೂ ಸಾವಕಾರನ ಕೈಗೆ ಮರಳಿ ಸಿಕ್ಕನು. ಕಾಯದೆಯು ಹಕ್ಕನ್ನು ಕೊಡಬಲ್ಲದು. ಬಿತ್ತುವ ಶಕ್ತಿಯನ್ನು ಊರೇ ಕೂಡಿ ಕೊಡಬೇಕಾಗುವದು. ಶಾಸಕನು ಕೈಯೆತ್ತಿ ಮಾಡಿದ ಕಾಯದೆಯು ಹೊಲದಲ್ಲಿ ಫಲಿಸುವದು ಈ ಬಗೆಯಿಂದ.

ಸೋಲು, ಬಂಡಾಯ, ಮರಳಿ ಗೆಲವು

ರಾಜಕಾರಣದ ಹವೆಯು ಮಳೆಗಿಂತಲೂ ಚಂಚಲವು. ಕಾಂಗ್ರೆಸ್ ಪಕ್ಷವು ಎರಡಾಗಿ ಒಡೆದ ಬಳಿಕ 1978ರಲ್ಲಿ ನಡೆದ ಚುನಾವಣೆಯಲ್ಲಿ ಗದಗ ಮತಕ್ಷೇತ್ರವು ಪಾಟೀಲರ ಕೈಬಿಟ್ಟಿತು. 1983ರಲ್ಲಿಯೂ ಅಲ್ಲಿಂದ ಬೇರೆಯವರೇ ಆರಿಸಿಬಂದರು.

ಅವರು ಸಭೆಯ ಹೊರಗಿದ್ದ ಆ ಅವಧಿಯಲ್ಲಿಯೇ ನೆರೆಯ ನರಗುಂದ, ನವಲಗುಂದಗಳಲ್ಲಿ ರೈತರ ಬಂಡಾಯವಾಯಿತು. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೂ ಅಭಿವೃದ್ಧಿ ಕರದ ಬಾಕಿ ಬಿದ್ದಿತ್ತು. ಅರ್ಜಿಗಳಿಗೆ ಉತ್ತರ ಬರದಿರಲು 1980ನೇ ಜುಲೈ 21ರಂದು ರೈತರು ಕಚೇರಿಗಳ ಮುಂದೆ ನೆರೆದರು. ಗೋಳೀಬಾರಾಗಿ ರೈತರ ಜೀವಹಾನಿಯಾಯಿತು, ಪೋಲೀಸರೂ ಪ್ರಾಣ ಕಳೆದುಕೊಂಡರು. ಆ ದಿನವನ್ನು ಈ ಸೀಮೆಯ ರೈತರು ಇಂದಿಗೂ ವರ್ಷವರ್ಷ ಸ್ಮರಿಸುವರು. ರೈತನ ಮಾತು ಕಚೇರಿಗೆ ಮುಟ್ಟುವ ದಾರಿಯು ಮುಚ್ಚಿದರೆ ಏನಾಗುವದೆಂಬುದಕ್ಕೆ ಇದು ದುಃಖಕರವಾದ ಉದಾಹರಣೆ. ಊರಿನ ಮುಖಂಡನ ಮೊದಲನೆಯ ಕೆಲಸವು ಆ ದಾರಿಯನ್ನು ತೆರೆದಿಡುವದು.

1985ರಲ್ಲಿ ಗದಗಿನ ಜನರು ಪಾಟೀಲರನ್ನು ಮರಳಿ ಆರಿಸಿದರು. 1989ರಲ್ಲಿ ಮತ್ತೊಮ್ಮೆ ಆರಿಸಿದರು. 1992ರಲ್ಲಿ, ಶಾಸಕರಾಗಿದ್ದಾಗಲೇ, ಅವರು ಕಾಲವಶರಾದರು. ಏಳು ವರ್ಷ ಸಭೆಯ ಹೊರಗಿದ್ದವರನ್ನು ಜನರು ಮರೆಯದೆ ಕರೆಯಲು ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಶಾಸಕನ ಕುರ್ಚಿಯು ಹೋದರೂ ಸಂಘದ ಜಗಲಿಯು ಉಳಿದಿತ್ತು. ಅಲ್ಲಿ ಕುಳಿತವನನ್ನು ರೈತನು ಪ್ರತಿ ಹಂಗಾಮಿನಲ್ಲಿಯೂ ಕಾಣುತ್ತಿದ್ದನು.

ಸಂಘಕ್ಕೆ ತಗಲುವ ರೋಗಗಳು

ಇಷ್ಟನ್ನೇ ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ಸಂಘವು ಮುಖಂಡನನ್ನು ಬೆಳೆಸುವದು ನಿಜ. ಮುಖಂಡನೇ ಸಂಘವನ್ನು ಕೆಡಿಸುವದೂ ಉಂಟು. ಚುನಾವಣೆಯ ಹೊತ್ತಿಗೆ ವಸೂಲಿಯನ್ನು ಸಡಿಲು ಬಿಡುವದು, ತನ್ನ ಕಡೆಯವನಿಗೆ ಸಾಲ ಕೊಟ್ಟು ಎದುರು ಪಕ್ಷದವನಿಗೆ ನಿರಾಕರಿಸುವದು, ಹಳೆಯ ಸಾಲವನ್ನು ಹೊಸ ಕಾಗದದಿಂದ ತೀರಿಸಿದಂತೆ ಬರೆಯುವದು, ಇವು ಅನೇಕ ಊರುಗಳ ಸಂಘಗಳನ್ನು ಒಳಗಿಂದ ತಿಂದ ಗೆದ್ದಲುಗಳು. ಸಾಲ ಮನ್ನಾ ಆಗುವದೆಂಬ ಆಸೆಯಿಂದ ತುಂಬಬಲ್ಲವನೂ ತುಂಬದೆ ಕುಳಿತರೆ ಪ್ರಾಮಾಣಿಕನಾಗಿ ತುಂಬಿದವನು ಮೂರ್ಖನೆನಿಸಿಕೊಳ್ಳುವನು. ಸಹಕಾರಿ ನೂಲಿನ ಗಿರಣಿಗಳ ದಾರಿಯೂ ಸುಗಮವಾಗಿರಲಿಲ್ಲ. ಹತ್ತಿಯ ದರದ ಏರಿಳಿತ, ಹಳೆಯ ಯಂತ್ರಗಳು, ದುಡಿಯುವ ಬಂಡವಾಳದ ಕೊರತೆ ಇವುಗಳಿಂದ ರಾಜ್ಯದ ಅನೇಕ ಸಹಕಾರಿ ಗಿರಣಿಗಳು ನಷ್ಟಕ್ಕೆ ಸಿಕ್ಕಿದವು. ಕಟ್ಟುವದು ಒಬ್ಬನ ಉತ್ಸಾಹದಿಂದ ಆದೀತು. ನಡೆಸುವದು ಅನೇಕರ ಶಿಸ್ತಿನಿಂದ ಮಾತ್ರ ಆಗುವದು.

ಗ್ರಾಮಮುಖಂಡರು ಲಕ್ಷ್ಯದಲ್ಲಿಡತಕ್ಕ ಸಂಗತಿಗಳು

ಕಣಗಿನಹಾಳದಿಂದ ಹುಲಕೋಟಿಯ ವರೆಗಿನ ಈ ಇತಿಹಾಸದಿಂದ ಊರಿನ ಹಿರಿಯರು ಕೆಳಗಿನ ಪಾಠಗಳನ್ನು ಕಲಿಯಬಹುದು.

(1) ಊರಿನ ದೊಡ್ಡ ಮನೆತನದವರು ಸಂಘದ ಸಾಲವನ್ನು ಎಲ್ಲರಿಗಿಂತ ಮೊದಲು ತುಂಬತಕ್ಕದ್ದು. ದೊಡ್ಡವನ ಬಾಕಿಯನ್ನು ನೋಡಿಯೇ ಸಣ್ಣವನು ಬಾಕಿ ಉಳಿಸುವದನ್ನು ಕಲಿಯುವನು.

(2) ವರ್ಷಕ್ಕೊಮ್ಮೆ ಕೀರ್ದಿ-ಖಾತೆಗಳ ಸಾರಾಂಶವನ್ನು ಸರ್ವಸಾಧಾರಣ ಸಭೆಯಲ್ಲಿ ಓದು ಬಾರದವನಿಗೂ ತಿಳಿಯುವಂತೆ ಓದಿಸತಕ್ಕದ್ದು. ಪ್ರಶ್ನೆ ಕೇಳಿದವನನ್ನು ವೈರಿಯೆಂದು ತಿಳಿಯಬಾರದು. ಅವನೇ ಸಂಘದ ಕಾವಲುಗಾರನು.

(3) ಸಾಲ, ಬೀಜ, ಮಾರಾಟ ಇವು ಮೂರನ್ನೂ ಒಂದರೊಡನೊಂದು ಹೊಂದಿಸಬೇಕು. ಬೆಳೆಯು ಸಂಘದ ಮೂಲಕ ಮಾರಿದರೆ ಸಾಲವು ತಾನಾಗಿ ಮುರಿದುಕೊಳ್ಳುವದು. ದರವೂ ನೆಟ್ಟಗೆ ಬರುವದು.

(4) ಹೊಲಕ್ಕೆ ಒಡ್ಡು ಹಾಕುವ ಕೆಲಸವನ್ನು ನೋಡಿರಿ. ಮೇಲಿನ ಹೊಲದವನು ಒಡ್ಡು ಹಾಕದಿದ್ದರೆ ಕೆಳಗಿನವನ ಒಡ್ಡು ಒಡೆಯುವದು. ಕೆಳಗಿನವನು ಕೋಡಿಗೆ ದಾರಿ ಬಿಡದಿದ್ದರೆ ಮೇಲಿನವನ ಹೊಲ ನಿಂತ ನೀರಿನಿಂದ ಕೆಡುವದು. ಮಳೆಯನ್ನು ನಂಬಿದ ಸೀಮೆಯಲ್ಲಿ ಒಂಟಿತನದ ಒಕ್ಕಲುತನವು ನಡೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

(5) ಸಣ್ಣ ಹಿಡುವಳಿದಾರರನ್ನೂ, ಹೊಸದಾಗಿ ಭೂಮಿ ಪಡೆದವರನ್ನೂ, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳತಕ್ಕದ್ದು. ನಾಲ್ಕು ಮನೆತನಗಳ ಸಂಘಕ್ಕೆ ಆಯುಷ್ಯವಿಲ್ಲ.

(6) ಚುಕ್ಕಾಣಿ ಹಿಡಿದವನು ತನ್ನ ಕಾಲದಲ್ಲಿಯೇ ಇನ್ನೊಬ್ಬನನ್ನು ಸಿದ್ಧಮಾಡಬೇಕು. ಒಬ್ಬನ ಮೇಲೆಯೇ ನಿಂತ ಸಂಸ್ಥೆಯು ಒಂದೇ ಕಂಬದ ಹಂದರ.

ಕೊನೆಯ ಮಾತು

ವಿಧಾನಸಭೆಯ ಮತಕ್ಷೇತ್ರಗಳ ಎಲ್ಲೆಗಳು ಬದಲಾಗುವವು. 2008ರಿಂದ ಮುಂಡರಗಿಯು ಪ್ರತ್ಯೇಕ ಮತಕ್ಷೇತ್ರವಾಗಿ ಉಳಿದಿಲ್ಲ. ಶಿರಹಟ್ಟಿಯು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿದೆ. ಗೌಡಿಕೆಯ ಕಾಲದಲ್ಲಿ ಚಾವಡಿಯ ಕೆಳಗೆ ನಿಲ್ಲುತ್ತಿದ್ದ ಮನೆತನದವನು ಇಂದು ಸೀಮೆಯ ಪ್ರತಿನಿಧಿಯಾಗಿ ಸಭೆಯಲ್ಲಿ ಕುಳಿತಿರುವನು. ಇದನ್ನು ಕಂಡು ಹಳೆಯ ಮನೆತನಗಳು ಮನಸ್ಸು ಕಿರಿದು ಮಾಡಿಕೊಳ್ಳಬೇಕಾದ ಕಾರಣವಿಲ್ಲ. ಸಿದ್ದನಗೌಡ ಪಾಟೀಲರು ವತನವಿದ್ದಾಗಲೇ ಅದನ್ನು ನೆಚ್ಚದೆ ಊರವರೊಡನೆ ಸಮನಾಗಿ ಸಂಘದಲ್ಲಿ ಸಹಿ ಹಾಕಿದರು. ಕೆ. ಎಚ್. ಪಾಟೀಲರು ವತನವು ಹೋದ ಬಳಿಕ ಸಂಘದ ಬಲದಿಂದಲೇ ಸಭೆಗೆ ಹೋದರು, ಸೋತಾಗ ಸಂಘಕ್ಕೆ ಮರಳಿದರು, ಮತ್ತೆ ಗೆದ್ದರು.

ಅಧಿಕಾರವು ಸರಕಾರವು ಕೊಟ್ಟರೆ ಬರುವದು, ಸರಕಾರವು ತೆಗೆದರೆ ಹೋಗುವದು. ಭೂಮಿಯೂ ಕಾಯದೆಗೆ ಒಳಪಟ್ಟದ್ದು. ಬಿತ್ತುವ ದಿನ ನೆರೆಯವನಿಗೆ ಬೀಜ ಸಿಕ್ಕಿತೇ ಎಂದು ವಿಚಾರಿಸುವವನ ಮಾತಿಗೆ ಮಾತ್ರ ಊರಿನಲ್ಲಿ ಎಂದೂ ಬೆಲೆ ತಪ್ಪುವದಿಲ್ಲ. ಈ ವರ್ಷದ ಹಂಗಾಮು ಬರುವದಕ್ಕೆ ಮುಂಚೆ ಪ್ರತಿಯೊಬ್ಬ ಗ್ರಾಮಮುಖಂಡನೂ ತನ್ನ ಊರಿನ ಸಂಘದ ವಹಿಯನ್ನು ತೆರೆಯಿಸಿ, ಬಾಕಿದಾರರ ಪಟ್ಟಿಯಲ್ಲಿ ಮೊದಲು ತನ್ನ ಹೆಸರಿದೆಯೋ ಎಂಬುದನ್ನು ನೋಡಿಕೊಳ್ಳುವದು ಒಳಿತು.